ಮನೆಯಲ್ಲೇ ಪೈಪ್ ಮಾಡುವ ಹವ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು ವರ್ಷದ ಹಿಂದೆ ನಮ್ಮ ಸೋದರಮಾವ ಹೊಗೆಸೊಪ್ಪು ಸೇದುವ ಹಳೆಯ ಪೈಪ್ ಮುರಿಯಿತು. ಮರದ ಭಾಗ ಚೆನ್ನಾಗಿಯೇ ಇತ್ತು. ಬಾಯಲ್ಲಿ ಇಟ್ಟುಕೊಳ್ಳುವ ಕಪ್ಪು ಕೊಳವೆ ಬುಡದಲ್ಲಿ ತುಂಡಾಗಿತ್ತು. ಎಸೆಯೋಕೆ ಮಾವನಿಗೆ ಮನಸ್ಸಿಲ್ಲ, ರಿಪೇರಿ ಮಾಡುವವರು ಊರಲ್ಲಿ ಯಾರೂ ಇಲ್ಲ. ನಾನೇ ಕೂತು ಸರಿ ಮಾಡಿದೆ. ಆ ಕೆಲಸ ಮುಗಿಯುವ ಹೊತ್ತಿಗೆ ಇಂಥದ್ದೊಂದನ್ನು ಮೊದಲಿಂದ ಮಾಡಬೇಕು ಅನ್ನೋ ಆಸೆ ಹತ್ತಿಬಿಟ್ಟಿತ್ತು. ಈಗ ಭಾನುವಾರ ಬಂದರೆ ಅದೇ ಕೆಲಸ. ನೋಡಿದವರು, ಕೇಳಿದವರು ಎಲ್ಲರ ಪ್ರಶ್ನೆಗಳೂ ಹೆಚ್ಚು ಕಡಿಮೆ ಒಂದೇ. ಹಾಗಾಗಿ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ನೀವು ಸೇದುತ್ತೀರಾ? ಸೇದದೇ ಇರೋರು ಪೈಪ್ ಮಾಡಬಹುದಾ?

ನಾನು ಸೇದುವುದಿಲ್ಲ. ಮಾಡೋಕೆ ಸೇದಲೇಬೇಕು ಅಂತೇನೂ ಇಲ್ಲ. ಪೈಪ್ ಸೇದುವವರು ಹೊಗೆಯನ್ನು ಎದೆಗೆ ಎಳೆಯಲ್ಲ, ಬಾಯಲ್ಲೇ ಇಟ್ಟು ಬಿಡುತ್ತಾರೆ, ಅದಕ್ಕೇ ಅಪಾಯ ಇಲ್ಲ ಅಂತ ಒಂದು ಮಾತಿದೆ. ಅದನ್ನು ನಂಬಬೇಡಿ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್ ಪೈಪಿನಿಂದಲೂ ಬರುತ್ತವೆ. ಈ ಬರಹ ಓದಿ ಯಾರೂ ಹೊಗೆಸೊಪ್ಪು ಶುರು ಮಾಡಬಾರದು ಅನ್ನೋದು ನನ್ನ ಮನಸ್ಸಿನ ಮಾತು. ನನಗೆ ಇಷ್ಟವಾದದ್ದು ಮರದ ಕೆಲಸ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ತುಂಡು, ಅದರೊಳಗೆ ಬೇರೆ ಬೇರೆ ದಿಕ್ಕಿನಿಂದ ಬರುವ ತೂತುಗಳು, ಅವು ಒಂದು ಜಾಗದಲ್ಲಿ ಕೂದಲಷ್ಟೂ ತಪ್ಪದೆ ಸೇರಬೇಕು. ಕುರ್ಚಿ, ಮೇಜು ಮಾಡುವಾಗ ನನಗೆ ಈ ಬಗೆಯ ಸವಾಲು ಸಿಕ್ಕಿರಲಿಲ್ಲ.

ಸೇದದೆ ಪರೀಕ್ಷೆ ಮಾಡೋದು ಹೇಗೆ ಅಂತ ಕೇಳುತ್ತಾರೆ. ಖಾಲಿ ಪೈಪಿನಲ್ಲಿ ಗಾಳಿ ಎಳೆದು ನೋಡಿ. ಸದ್ದಿಲ್ಲದೆ, ತಡೆಯಿಲ್ಲದೆ ಬರಬೇಕು. ಶಿಳ್ಳೆಯಂಥ ಸದ್ದು ಬಂದರೆ ಒಳಗೆ ಎಲ್ಲೋ ದಾರಿ ಕಿರಿದಾಗಿದೆ ಅಂತ. ಆಮೇಲೆ ಪೈಪ್ ಕ್ಲೀನರ್, ಅಂದರೆ ಹತ್ತಿ ಸುತ್ತಿದ ತಂತಿಯನ್ನು ಬಾಯಿಯ ಕಡೆಯಿಂದ ತೂರಿಸಿ. ಎಲ್ಲೂ ಸಿಕ್ಕಿಕೊಳ್ಳದೆ, ಸೊಪ್ಪು ತುಂಬುವ ಬಟ್ಟಲಿನ ತಳದಲ್ಲಿ ಮೂತಿ ತೋರಿಸಿದರೆ ಪೈಪ್ ಸರಿಯಾಗಿದೆ.

ಯಾವ ಮರ?

ಬ್ರಯರ್. ಇದು ಮರ ಅನ್ನೋದಕ್ಕಿಂತ ಗಡ್ಡೆ. ಎರಿಕಾ ಆರ್ಬೋರಿಯಾ ಅನ್ನೋ ಪೊದೆಗಿಡ ಮೆಡಿಟರೇನಿಯನ್ ಸಮುದ್ರದ ಸುತ್ತ, ಇಟಲಿ, ಕಾರ್ಸಿಕಾ, ಗ್ರೀಸ್, ಅಲ್ಜೀರಿಯಾ, ಮೊರಾಕ್ಕೊಗಳ ಕಲ್ಲು ಗುಡ್ಡಗಳಲ್ಲಿ ಬೆಳೆಯುತ್ತೆ. ಅಲ್ಲಿ ಆಗಾಗ ಕಾಳ್ಗಿಚ್ಚು. ಮೇಲೆಲ್ಲ ಸುಟ್ಟುಹೋದರೂ ನೆಲಮಟ್ಟದ ಗಡ್ಡೆ ಸಾಯಲ್ಲ, ಅದರಿಂದಲೇ ಗಿಡ ಮತ್ತೆ ಚಿಗುರುತ್ತೆ. ನಮಗೆ ಬೇಕಾದದ್ದು ಆ ಗಡ್ಡೆಯೇ. ಗಟ್ಟಿ, ಶಾಖಕ್ಕೆ ಬೇಗ ಹೊತ್ತಿಕೊಳ್ಳಲ್ಲ, ತೇವವನ್ನೂ ಸ್ವಲ್ಪ ಹೀರಿಕೊಳ್ಳುತ್ತೆ. ಇವಿಷ್ಟೂ ಒಟ್ಟಿಗೆ ಇರುವ ಮರ ಹುಡುಕೋದು ಕಷ್ಟ.

ಪೈಪಿಗೆ ಆಗುವಷ್ಟು ಗಡ್ಡೆ ದಪ್ಪವಾಗೋಕೆ ಹತ್ತಾರು ವರ್ಷ ಬೇಕು. ಅಗೆದ ಮೇಲೆ ಒಣಗಿ ಬಿರುಕು ಬಿಡದ ಹಾಗೆ ಒದ್ದೆಯಾಗಿಯೇ ಇಟ್ಟು, ತುಂಡು ಮಾಡಿ, ನೀರಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಒಗರು ರಸ ಹೊರಗೆ ಹೋಗಬೇಕಲ್ಲ, ಅದಕ್ಕೆ. ಆಮೇಲೆ ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಒಂದು ತುಂಡು ನಮ್ಮ ಕೈಗೆ ಬರುತ್ತೆ. ಅದನ್ನು ಬಿಗಿಯಾಗಿ ಹಿಡಿಯುವ ವೈಸಿಗೆ ಸಿಕ್ಕಿಸುವಾಗ ಪ್ರತಿ ಸಲವೂ ನನಗೆ ಈ ಕತೆ ನೆನಪಾಗುತ್ತೆ, ಕೈ ತಾನಾಗಿಯೇ ನಿಧಾನ ಆಗುತ್ತೆ.

ಈ ಗಡ್ಡೆಯಿಂದ ಪೈಪ್ ಮಾಡೋದು ಬಹಳ ಹಳೆಯ ಪದ್ಧತಿ ಅಲ್ಲ. ಅದಕ್ಕೂ ಮೊದಲು ಯುರೋಪಿನಲ್ಲಿ ಜೇಡಿಮಣ್ಣಿನ ಪೈಪುಗಳೇ ಜಾಸ್ತಿ ಇದ್ದವು. ಫ್ರಾನ್ಸಿನ ಜೂರಾ ಬೆಟ್ಟಗಳಲ್ಲಿ ಸೇಂಟ್ ಕ್ಲೋಡ್ ಅನ್ನೋ ಊರಿದೆ. ಮೊದಲಿಂದಲೂ ಮರ ಕಡೆಯುವವರ ಊರು. 1850ರ ದಶಕದಲ್ಲಿ ಅಲ್ಲಿನವರು ಬ್ರಯರ್ ಹಿಡಿದರು, ಊರಿಗೆ ಊರೇ ಪೈಪಿಗೆ ಹೆಸರಾಯಿತು. ಫ್ರೆಂಚರು ಈ ಗಿಡಕ್ಕೆ ಬ್ರುಯೇರ್ ಅನ್ನುತ್ತಾರೆ, ಅದೇ ಇಂಗ್ಲಿಷರ ಬಾಯಲ್ಲಿ ಬ್ರಯರ್ ಆಗಿದೆ.

ನಮ್ಮ ಕಡೆಯ ಬೀಟೆ, ತೇಗ, ಗಂಧದಲ್ಲಿ ಮಾಡಬಾರದಾ?

ಅಭ್ಯಾಸಕ್ಕೆ ಮಾಡಿ, ಉಪಯೋಗಿಸೋಕೆ ಬೇಡ. ಮೂರರಲ್ಲೂ ಎಣ್ಣೆಯಂಶ ಇದೆ, ಬೆಂಕಿ ತಗುಲಿದರೆ ಅದೆಲ್ಲ ಹೊಗೆಯ ಜೊತೆ ಬಾಯಿಗೆ ಬರುತ್ತೆ. ಬೀಟೆಯ ಧೂಳು ಕೆಲವರಿಗೆ ಚರ್ಮದಲ್ಲಿ ಕೆರೆತ ತರುತ್ತೆ. ಕಣಗಿಲೆಯಂತೂ ಬೇರಿನಿಂದ ಹೂವಿನವರೆಗೂ ವಿಷ, ಅದನ್ನು ಮುಟ್ಟಲೇಬೇಡಿ. ಯಾವ ಮರ ಅಂತ ಗೊತ್ತಿಲ್ಲದ ತುಂಡು, ಹಳೆಯ ಪೀಠೋಪಕರಣದ ಪಾಲಿಶ್ ಹೊಡೆದ ತುಂಡು, ಇವೂ ಬೇಡ.

ಬೇರೆ ದೇಶಗಳಲ್ಲಿ ಆಲಿವ್, ಚೆರ್ರಿ, ಪೇರ್ ಮರಗಳನ್ನು ಬಳಸುತ್ತಾರೆ. ನೂರಾರು, ಸಾವಿರಾರು ವರ್ಷ ಜೌಗಿನಲ್ಲಿ ಹೂತು ಕಪ್ಪಾದ ಓಕ್ ಮರವೂ ಇದೆ, ಮೋರ್ತಾ ಅಂತಾರೆ. ಆಕಾರ ಕಲಿಯೋಕೆ ಮಾತ್ರ ಆದರೆ ಕಾಫಿ ತೋಟದ ಸಿಲ್ವರ್ ಓಕ್ ತುಂಡು ಸಾಕು. ಚನ್ನಪಟ್ಟಣದ ಬೊಂಬೆ ಮಾಡುವ ಆಲೆ ಮರ ಸಿಕ್ಕರೆ ಇನ್ನೂ ಒಳ್ಳೆಯದು, ಬೆಣ್ಣೆ ಹಾಗೆ ಕಡೆಯೋಕೆ ಬರುತ್ತೆ. ಆದರೆ ಆ ಬೊಂಬೆಗೆ ಹಾಕುವ ಅರಗಿನ ಬಣ್ಣ ಪೈಪಿಗೆ ಆಗಲ್ಲ. ಬಟ್ಟಲು ಬಿಸಿಯಾದಾಗ ಅರಗು ಮೆತ್ತಗಾಗಿ ಕೈಗೆ ಅಂಟುತ್ತೆ.

ನಮ್ಮಲ್ಲಿ ಪೈಪ್ ಮಾಡುವ ಪದ್ಧತಿ ಇರಲೇ ಇಲ್ವಾ?

ಇತ್ತು, ಇದೆ. ಕುಂಬಾರರು ಮಾಡುವ ಮಣ್ಣಿನ ಚಿಲುಮೆ ಪೈಪಲ್ಲದೆ ಮತ್ತೇನು? ನೇರ ಕೊಳವೆ, ಮೇಲೆ ಅಗಲ, ಕೆಳಗೆ ಕಿರಿದು. ಸೊಪ್ಪು ಜಾರಿ ಬಾಯಿಗೆ ಬರದ ಹಾಗೆ ಒಳಗೆ ಒಂದು ಚಿಕ್ಕ ಕಲ್ಲು. ಗುಡುಗುಡಿಯಲ್ಲಿ ನೀರು ತುಂಬೋಕೆ ತೆಂಗಿನ ಚಿಪ್ಪು ಬಳಸುತ್ತಿದ್ದರು. ಅರಬ್ಬರ ಮತ್ತು ತುರ್ಕಿಯವರ ನರ್ಗಿಲೆ ಅನ್ನೋ ಹೆಸರಿನ ಮೂಲವೂ ನಮ್ಮ ನಾರಿಕೇಳವೇ, ಪರ್ಷಿಯನ್ ಭಾಷೆಯ ಮೂಲಕ ಹೋದದ್ದು. ಹಳೆಯ ಕನ್ನಡದವರು ಪೈಪಿಗೆ ಚುಂಗಾಣಿ ಅನ್ನುತ್ತಿದ್ದರು. ಒಳ್ಳೆಯ ಪದ, ನಾನು ಮನೆಯಲ್ಲಿ ಅದನ್ನೇ ಬಳಸುತ್ತೇನೆ.

ಶುರು ಮಾಡೋಕೆ ಏನೇನು ಬೇಕು? ಮರ ತಿರುಗಿಸಿ ಕಡೆಯುವ ಲೇತ್ ಯಂತ್ರ ಬೇಕೇ ಬೇಕಾ?

ಬೇಡ. ಮೊದಲ ಎರಡು ಮೂರು ಪೈಪುಗಳಿಗೆ ಕಿಟ್ ತಗೊಳ್ಳಿ. ಕಿಟ್ ಅಂದರೆ ತೂತುಗಳನ್ನು ಆಗಲೇ ಕೊರೆದು, ಕೊಳವೆಯನ್ನೂ ಕೂರಿಸಿ ಕೊಡುವ ಬ್ರಯರ್ ತುಂಡು. ಹೊರಗಿನ ಆಕಾರ ಮಾತ್ರ ನಮ್ಮ ಕೆಲಸ. ವಿದೇಶದಿಂದ ತರಿಸಬೇಕಾಗುತ್ತೆ, ಬೆಲೆಯ ಜೊತೆ ಸಾಗಣೆ ಮತ್ತು ಸುಂಕ ಸೇರುತ್ತೆ ಅನ್ನೋದು ಲೆಕ್ಕದಲ್ಲಿರಲಿ. ಇಬ್ಬರು ಮೂವರು ಸೇರಿ ತರಿಸಿದರೆ ಹೊರೆ ಕಡಿಮೆ.

ಕಿಟ್ ಕೆಲಸಕ್ಕೆ ಒಂದು ವೈಸ್, ಒಂದು ಗರಗಸ, ಒರಟು ಮತ್ತು ನಯವಾದ ಎರಡು ಮೂರು ಅರ, ಅರ್ಧ ದುಂಡಿನದೊಂದು ಇರಲೇಬೇಕು, ಮತ್ತೆ 120ರಿಂದ 1000 ನಂಬರಿನವರೆಗೆ ಪಾಲಿಶ್ ಪೇಪರ್. ಇಷ್ಟೇ. ವೈಸಿನ ಹಲ್ಲಿಗೆ ಚರ್ಮವೋ ದಪ್ಪ ಬಟ್ಟೆಯೋ ಸುತ್ತಿ, ಇಲ್ಲದಿದ್ದರೆ ಮರದ ಮೇಲೆ ಗುರುತು ಬೀಳುತ್ತೆ.

ತೂತನ್ನೂ ನೀವೇ ಕೊರೆಯುವ ಹಂತಕ್ಕೆ ಬಂದಾಗ ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಬೇಕು. ಕೈಯಲ್ಲಿ ಹಿಡಿಯುವ ಡ್ರಿಲ್‌ನಿಂದ ಪ್ರಯತ್ನ ಮಾಡಬೇಡಿ. ಲೇತ್ ಇದ್ದರೆ ಕೆಲಸ ಬೇಗ ಆಗುತ್ತೆ, ಕೊಳವೆ ಕೂರಿಸೋದು ಸಲೀಸು, ಆದರೆ ಅದಕ್ಕೋಸ್ಕರ ಕಾಯುತ್ತಾ ಕೂರಬೇಡಿ.

ತೂತು ಕೊರೆಯೋದರಲ್ಲಿ ಅಷ್ಟೇನಿದೆ?

ಎಲ್ಲಾ ಅದರಲ್ಲೇ ಇದೆ. ಬೇರೆ ಉತ್ತರಗಳನ್ನು ಬಿಟ್ಟರೂ ಪರವಾಗಿಲ್ಲ, ಇದನ್ನು ಮಾತ್ರ ಪೂರ್ತಿ ಓದಿ. ಎಷ್ಟೋ ಜನ ವಾರಗಟ್ಟಲೆ ಕೂತು ಆನೆ ತಲೆ, ಸಿಂಹದ ಮುಖ ಕೆತ್ತುತ್ತಾರೆ, ಒಳಗೆ ತೂತು ತಪ್ಪಿರುತ್ತೆ, ಆಮೇಲೆ ಅದು ಷೋಕೇಸಿನ ಬೊಂಬೆ ಆಗುತ್ತೆ, ಪೈಪ್ ಆಗಲ್ಲ. ಸಾದಾ ಆಕಾರದ ಪೈಪಿನಲ್ಲಿ ತೂತು ಸರಿ ಇದ್ದರೆ ಅದು ನಲವತ್ತು ವರ್ಷ ಕೆಲಸ ಮಾಡುತ್ತೆ.

ಕೊರೆಯಬೇಕಾದ್ದು ಮೂರು. ಒಂದು ಬಟ್ಟಲಿನ ಗುಳಿ. ಎರಡು, ಪೈಪಿನ ಕತ್ತಿನಲ್ಲಿ ಕೊಳವೆ ಬಂದು ಕೂರುವ ತೂತು, ಅದಕ್ಕೆ ಮಾರ್ಟಿಸ್ ಅಂತಾರೆ. ಮೂರು, ಇವೆರಡನ್ನೂ ಸೇರಿಸುವ ಗಾಳಿಯ ದಾರಿ. ನಾನು ಬಳಸುವ ಅಳತೆ ಹೇಳುತ್ತೇನೆ. ಗುಳಿ 19 ಮಿಲಿಮೀಟರ್ ಅಗಲ, 38ರಿಂದ 40 ಮಿಲಿಮೀಟರ್ ಆಳ. ಮಾರ್ಟಿಸ್ 8 ಮಿಲಿಮೀಟರ್ ಅಗಲ. ಗಾಳಿಯ ದಾರಿ 4 ಮಿಲಿಮೀಟರ್. ಗುಳಿಯ ಸುತ್ತ ಮತ್ತು ತಳದಲ್ಲಿ ಮರ 6 ಮಿಲಿಮೀಟರಿಗಿಂತ ತೆಳ್ಳಗಾಗಬಾರದು, ಬಟ್ಟಲು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತೆ, ಕೊನೆಗೆ ಸುಟ್ಟು ತೂತು ಬೀಳಲೂಬಹುದು.

ಗಾಳಿಯ ದಾರಿ ಗುಳಿಯ ಒಳಗೆ ಎಲ್ಲಿ ಬಾಯಿ ತೆರೆಯಬೇಕು? ಸರಿಯಾಗಿ ತಳದಲ್ಲಿ, ನಡುಮಧ್ಯೆ. ನನ್ನ ಎರಡನೇ ಪೈಪಿನಲ್ಲಿ ಅದು 3 ಮಿಲಿಮೀಟರ್ ಮೇಲೆ ಬಂತು. ಮೂರು ಮಿಲಿಮೀಟರ್ ಏನು ಮಹಾ ಅನಿಸುತ್ತೆ ಅಲ್ವಾ? ಮಾವ ಸೇದಿ ನೋಡಿ ವಾಪಸ್ ಕೊಟ್ಟರು. ತಳದ ಸೊಪ್ಪು ಉರಿಯುವುದೇ ಇಲ್ಲ, ಅಲ್ಲಿ ತೇವ ನಿಂತು ಗೊಳಗೊಳ ಸದ್ದು, ಕಹಿ. ದಾರಿ ತೀರಾ ಕೆಳಗೆ ಹೋದರೂ ಕಷ್ಟ, ತಳದಲ್ಲಿ ಕಾಲುವೆಯ ಹಾಗೆ ಗೀರು ಬಿದ್ದು ಅಲ್ಲಿನ ಮರ ತೆಳ್ಳಗಾಗುತ್ತೆ.

ತಪ್ಪದ ಹಾಗೆ ಮಾಡೋಕೆ ಒಂದೇ ದಾರಿ. ತುಂಡಿನ ಎರಡು ಪಕ್ಕವನ್ನು ಸಮವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಉಜ್ಜಿಕೊಳ್ಳಿ. ಒಂದು ಪಕ್ಕದ ಮೇಲೆ ಪೆನ್ಸಿಲಿನಲ್ಲಿ ಪೂರ್ತಿ ಪೈಪನ್ನು ಬರೆಯಿರಿ. ಹೊರಗಿನ ಆಕಾರ ಮಾತ್ರ ಸಾಲದು, ಒಳಗಿನ ತೂತುಗಳೂ ಅಳತೆಗೆ ಸರಿಯಾಗಿ ಇರಬೇಕು. ಮೊದಲು ಮಾರ್ಟಿಸ್, ತುಂಡನ್ನು ಅಲುಗಿಸದೆ ಅದೇ ನೇರದಲ್ಲಿ ಗಾಳಿಯ ದಾರಿ, ಕೊನೆಗೆ ಗುಳಿ. ಗುಳಿ ಕೊರೆಯುವ ಡ್ರಿಲ್ ಬಿಟ್ ತುದಿಯಲ್ಲಿ ದುಂಡಗಿರಬೇಕು. ಚಪ್ಪಟೆ ಸ್ಪೇಡ್ ಬಿಟ್ಟನ್ನು ಗ್ರೈಂಡರಿನಲ್ಲಿ ಮೊಟ್ಟೆಯ ತುದಿಯ ಆಕಾರಕ್ಕೆ ಉಜ್ಜಿ ಎಷ್ಟೋ ಜನ ಸ್ವಂತವಾಗಿಯೇ ಮಾಡಿಕೊಳ್ಳುತ್ತಾರೆ. 4 ಮಿಲಿಮೀಟರಿನ ಉದ್ದ ಡ್ರಿಲ್ ಬಿಟ್ ಮರದ ಎಳೆ ಹಿಡಿದು ಪಕ್ಕಕ್ಕೆ ಸರಿಯೋದು ಸಹಜ. ಅದಕ್ಕೆ ಒತ್ತಬೇಡಿ. ಐದಾರು ಮಿಲಿಮೀಟರ್ ಇಳಿಸಿ, ಹೊರಗೆ ತೆಗೆದು ಹೊಟ್ಟು ಉದುರಿಸಿ, ಮತ್ತೆ ಇಳಿಸಿ. ಬೇಸರದ ಕೆಲಸ ನಿಜ, ಆದರೆ ಬ್ರಯರ್ ತುಂಡಿಗೆ ನಾವು ಕೊಡಬೇಕಾದ ಮರ್ಯಾದೆ ಇದು.

ಮೊದಲು ಯಾವ ಆಕಾರ ಮಾಡಲಿ?

ಬಿಲಿಯರ್ಡ್. ನೇರ ಕತ್ತು, ಸಿಲಿಂಡರಿನಂಥ ಬಟ್ಟಲು, ಚಿತ್ರಗಳಲ್ಲಿ ಪೈಪ್ ಅಂದರೆ ಬರೆಯುವುದು ಅದನ್ನೇ. ನೋಡೋಕೆ ಸುಲಭ, ಮಾಡೋಕೆ ಅಲ್ಲ. ಎಲ್ಲಿ ಒಂದು ಉಬ್ಬು ಬಂದರೂ ಕಣ್ಣಿಗೆ ಹೊಡೆಯುತ್ತೆ. ಅದಕ್ಕೇ ಅದರಲ್ಲಿ ಕೈ ಪಳಗುತ್ತೆ. ಆಮೇಲೆ ಸೇಬಿನ ಹಾಗೆ ಉಬ್ಬಿದ ಆಪಲ್, ಮೇಲಕ್ಕೆ ಅಗಲವಾಗುವ ಡಬ್ಲಿನ್, ನಡುವೆ ಗೆರೆ ಇರುವ ಬುಲ್‌ಡಾಗ್, ಹೀಗೆ ಮುಂದೆ ಹೋಗಿ.

ಇನ್ನೊಂದು ದಾರಿಯೂ ಇದೆ. ಸಿಕ್ಸ್ಟನ್ ಐವರ್ಸನ್ ಅಂತ ಸ್ವೀಡನ್ನಿನಲ್ಲಿ ಹುಟ್ಟಿದವರು ಕೋಪನ್‌ಹೇಗನ್‌ನಲ್ಲಿ ನೆಲೆಸಿ, ಮರದ ಎಳೆ ಹೇಗೆ ಓಡುತ್ತದೋ ಹಾಗೆ ಆಕಾರ ಕೊಡುವುದನ್ನು ತೋರಿಸಿಕೊಟ್ಟರು. ಅವರು ಮೊದಲು ಆಕಾರ ಮಾಡಿ ಆಮೇಲೆ ತೂತು ಕೊರೆಯುತ್ತಿದ್ದರು. ಡೆನ್ಮಾರ್ಕಿನ ಪೈಪುಗಳಿಗೆ ಇವತ್ತಿಗೂ ಇರುವ ಹೆಸರಿನಲ್ಲಿ ಅವರ ಪಾಲು ದೊಡ್ಡದು. ಆದರೆ ಆಕಾರದ ನಂತರ ಕೊರೆಯೋಕೆ ಅವರಂಥ ಕಣ್ಣು ಬೇಕು. ನಾವು ಕೊರೆದೇ ಆಕಾರ ಕೊಡೋಣ.

ಬಾಯಿಗೆ ಇಡುವ ಕೊಳವೆ ಯಾವುದರದ್ದು? ಅದನ್ನೂ ಮಾಡಬಹುದಾ?

ಎಬೊನೈಟ್ ಇಲ್ಲವೇ ಅಕ್ರಿಲಿಕ್. ಎಬೊನೈಟ್ ಅಂದರೆ ಗಂಧಕ ಜಾಸ್ತಿ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಇಂಕ್ ಪೆನ್ನಿನ ಹುಚ್ಚು ಇರೋರಿಗೆ ಇದು ಗೊತ್ತಿರುತ್ತೆ, ರಾಜಮಂಡ್ರಿಯ ರತ್ನಂ ಪೆನ್ನುಗಳು ಹೆಸರಾದದ್ದೇ ಎಬೊನೈಟಿನಿಂದ. ಹಲ್ಲಿಗೆ ಮೆತ್ತಗೆ ಹಿತವಾಗಿರುತ್ತೆ, ಅರದಿಂದ ಉಜ್ಜೋಕೆ ಚೆನ್ನ. ಬಿಸಿಲಿಗೆ ಇಟ್ಟರೆ ಮಾತ್ರ ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗುತ್ತೆ. ಅಕ್ರಿಲಿಕ್ ಬಣ್ಣ ಕೆಡಲ್ಲ, ಆದರೆ ಗಡಸು.

ಮೊದಲು ಸಿದ್ಧ ಕೊಳವೆ ತಗೊಂಡು ಹೊಂದಿಸಿ. ಮಾರ್ಟಿಸ್‌ಗೆ ಹೋಗಿ ಕೂರುವ ಮೂತಿಗೆ ಟೆನನ್ ಅಂತಾರೆ. ಅದು ಸಡಿಲವೂ ಆಗಬಾರದು, ಬಿಗಿಯೂ ಆಗಬಾರದು, ತಿರುಗಿಸಿದರೆ ಸಣ್ಣಗೆ ತಡೆದು ಕೂರಬೇಕು. ಉದ್ದವೂ ಮುಖ್ಯ. ಟೆನನ್ ತುದಿಗೂ ಮಾರ್ಟಿಸ್‌ನ ತಳಕ್ಕೂ ನಡುವೆ ಜಾಗ ಬಿಟ್ಟರೆ ಅಲ್ಲಿ ಹೊಗೆ ತಣ್ಣಗಾಗಿ ನೀರು ನಿಲ್ಲುತ್ತೆ. ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಬಿಡಬೇಡಿ. ಕೊಳವೆ ಮತ್ತು ಕತ್ತು ಸೇರುವ ಜಾಗವನ್ನು ಎರಡನ್ನೂ ಜೋಡಿಸಿಕೊಂಡೇ ಉಜ್ಜಿ. ಬೇರೆ ಬೇರೆ ಉಜ್ಜಿದರೆ ಅಂಚು ದುಂಡಾಗಿ, ಕಣ್ಣು ಮುಚ್ಚಿ ಬೆರಳು ಆಡಿಸಿದರೂ ಗೊತ್ತಾಗುವ ಹಾಗೆ ಗೀರು ಉಳಿಯುತ್ತೆ.

ಬಾಯಿಯ ತುದಿ 4 ಮಿಲಿಮೀಟರಿನಷ್ಟು ತೆಳ್ಳಗಿರಬೇಕು. ಒಳಗಿನ ದುಂಡು ದಾರಿ ಅಲ್ಲಿ ಬೀಸಣಿಗೆಯ ಹಾಗೆ ಅಗಲವಾಗಿ ಚಪ್ಪಟೆ ಸೀಳಾಗಬೇಕು. ಇದಕ್ಕೆ ಸೂಜಿಯಂಥ ಸಣ್ಣ ಅರಗಳು ಸಿಗುತ್ತವೆ. ಒಂದು ಸೀಳಿಗೆ ನನಗೆ ಇವತ್ತಿಗೂ ಒಂದೂವರೆ ಗಂಟೆ ಬೇಕು. ಕೊಳವೆ ಬಗ್ಗಿಸಬೇಕಾದರೆ ಒಳಗೆ ಪೈಪ್ ಕ್ಲೀನರ್ ತೂರಿಸಿ, ಬಿಸಿ ಗಾಳಿಯಲ್ಲಿ ಮೆತ್ತಗೆ ಮಾಡಿ, ಬಗ್ಗಿಸಿ, ತಣ್ಣೀರಿಗೆ ಹಿಡಿಯಿರಿ. ಕ್ಲೀನರ್ ಇಲ್ಲದಿದ್ದರೆ ಒಳಗಿನ ದಾರಿ ಹಿಸುಕಿಹೋಗುತ್ತೆ.

ಉಜ್ಜುತ್ತಾ ಹೋದಾಗ ಮರದಲ್ಲಿ ಗುಂಡಿ ಸಿಕ್ಕಿತು. ಏನು ಮಾಡಲಿ?

ಎಲ್ಲರಿಗೂ ಸಿಗುತ್ತೆ. ಕಲ್ಲು ಮಣ್ಣಿನ ನಡುವೆ ಬೆಳೆದ ಗಡ್ಡೆ, ಒಳಗೆ ಮರಳು ಸೇರಿಕೊಂಡಿರುತ್ತೆ. ಚಿಕ್ಕದಾದರೆ ಹಾಗೇ ಬಿಡಿ. ದೊಡ್ಡದಾದರೆ ಆಕಾರವನ್ನು ಸ್ವಲ್ಪ ಬದಲಿಸಿ ಉಜ್ಜಿ ತೆಗೆಯಿರಿ. ಅದೂ ಆಗದಿದ್ದರೆ ಹೊರಮೈಯನ್ನೇ ಒರಟು ಮಾಡಿ. ಚಿಕ್ಕ ಉಳಿಯಿಂದ ಮರದ ತೊಗಟೆಯ ಹಾಗೆ, ಹವಳದ ಹಾಗೆ ಕೆತ್ತುತ್ತಾ ಹೋಗಬಹುದು. ಮರಳು ಊದಿ ಮೆತ್ತನೆಯ ಎಳೆಗಳನ್ನು ಸವೆಸುವ ಪದ್ಧತಿಯೂ ಇದೆ. ಲಂಡನ್ನಿನ ಡನ್‌ಹಿಲ್ ಕಂಪನಿ 1917ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿ ಶೆಲ್ ಅನ್ನೋ ಹೆಸರಲ್ಲಿ ಮಾರಿತು. ಒರಟು ಪೈಪ್ ಕೀಳು ಅಂತ ಅಂದುಕೊಳ್ಳಬೇಡಿ. ಮೈ ಜಾಸ್ತಿ ಇರೋದರಿಂದ ಶಾಖ ಬೇಗ ಬಿಡುತ್ತೆ, ಕೈಗೆ ಹಿಡಿತ ಚೆನ್ನಾಗಿರುತ್ತೆ, ನನಗಂತೂ ನುಣುಪಿನದಕ್ಕಿಂತ ಇದೇ ಇಷ್ಟ.

ಗುಂಡಿ ಗುಳಿಯ ಒಳಗೆ ಸಿಕ್ಕರೆ ಮಾತ್ರ ಆ ತುಂಡನ್ನು ಬಿಟ್ಟುಬಿಡಿ. ಅಲ್ಲಿಂದ ಸುಡುತ್ತೆ.

ಬಣ್ಣ, ಪಾಲಿಶ್?

ವಾರ್ನಿಶ್, ಪಿಯು ಅಂದರೆ ಪಾಲಿಯುರೆಥೇನ್ ಪಾಲಿಶ್ ಬೇಡ. ಶಾಖಕ್ಕೆ ಗುಳ್ಳೆ ಏಳುತ್ತವೆ. ಸ್ಪಿರಿಟಿನಲ್ಲಿ ಕರಗುವ ಬಣ್ಣ ತಗೊಳ್ಳಿ, ಚರ್ಮಕ್ಕೆ ಹಾಕುವ ಬಣ್ಣವೂ ಆಗುತ್ತೆ. ಎಳೆ ಎದ್ದು ಕಾಣಬೇಕಾದರೆ ಮೊದಲು ಕಪ್ಪು ಹಚ್ಚಿ, ಒಣಗಿದ ಮೇಲೆ ಉಜ್ಜಿ ತೆಗೆಯಿರಿ. ಮೆತ್ತನೆಯ ಎಳೆಗಳಲ್ಲಿ ಕಪ್ಪು ಉಳಿದಿರುತ್ತೆ. ಮೇಲೆ ಕಂದು ಅಥವಾ ಕಿತ್ತಳೆ ಬಣ್ಣ ಹಚ್ಚಿದರೆ ಪಕ್ಕದಿಂದ ಜ್ವಾಲೆಯ ಹಾಗೆ, ಅಡ್ಡ ಕತ್ತರಿಸಿದ ಕಡೆ ಹಕ್ಕಿಯ ಕಣ್ಣುಗಳ ಹಾಗೆ ಎಳೆಗಳು ಕಾಣುತ್ತವೆ.

ಆಮೇಲೆ ಬಟ್ಟೆಯ ಚಕ್ರದಲ್ಲಿ ಟ್ರಿಪೊಲಿ ಅನ್ನೋ ನಯವಾಗಿ ಉಜ್ಜುವ ಮಸಾಲೆ, ಕೊನೆಗೆ ಕಾರ್ನೌಬಾ ಮೇಣ. ಬ್ರೆಜಿಲಿನ ಒಂದು ತಾಳೆ ಜಾತಿಯ ಎಲೆಯಿಂದ ತೆಗೆಯುವ ಗಟ್ಟಿ ಮೇಣ ಅದು, 80 ಡಿಗ್ರಿ ದಾಟಿದರೇ ಕರಗುವುದು. ಚಕ್ರದ ತಿಕ್ಕಾಟದ ಶಾಖಕ್ಕೆ ಕರಗಿ ಮರದ ಮೇಲೆ ಹರಡುತ್ತೆ. ಚಕ್ರದ ಹತ್ತಿರ ಎಚ್ಚರ. ಅಂಚು ಎದುರು ಕೊಟ್ಟರೆ ಪೈಪನ್ನು ಕಿತ್ತು ನೆಲಕ್ಕೆ ಬಡಿಯುತ್ತೆ. ನಡುಮಟ್ಟಕ್ಕಿಂತ ಕೆಳಗೆ ಹಿಡಿಯಿರಿ, ಅಂಚು ಚಕ್ರ ತಿರುಗುವ ಕಡೆಗೇ ಇರಲಿ. ನೆಲದ ಮೇಲೆ ಹಳೆಯ ಕಂಬಳಿ ಹಾಸಿಡಿ.

ಗುಳಿಯ ಒಳಗೆ ಏನಾದರೂ ಹಚ್ಚಬೇಕಾ?

ಬಣ್ಣ, ಮೇಣ ಒಳಗೆ ಹೋಗಲೇಬಾರದು. ಕೆಲವರು ಆಕ್ಟಿವೇಟೆಡ್ ಇದ್ದಿಲ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ತೆಳ್ಳಗೆ ಬಳಿಯುತ್ತಾರೆ, ಮೊದಮೊದಲ ಉರಿಗೆ ಮರ ಸುಡದಿರಲಿ ಅಂತ. ಹಾಗೇ ಬಿಟ್ಟರೂ ನಡೆಯುತ್ತೆ.

ಧೂಳಿನಿಂದ ತೊಂದರೆ ಇದೆಯಾ?

ಇದೆ. ಬ್ರಯರ್ ಧೂಳು ತುಂಬಾ ನಯ, ಎಬೊನೈಟಿನದು ಗಂಧಕದ ವಾಸನೆಯದ್ದು. ಎನ್95 ಮಾಸ್ಕ್ ಹಾಕಿ, ಕನ್ನಡಕ ಹಾಕಿ, ಕಿಟಕಿ ತೆಗೆದಿರಲಿ. ಅಡುಗೆಮನೆ, ಮಲಗುವ ಕೋಣೆ ಬೇಡ. ಎಬೊನೈಟನ್ನು ಒದ್ದೆ ಪೇಪರಿನಲ್ಲಿ ಉಜ್ಜಿದರೆ ಧೂಳೇ ಏಳಲ್ಲ.

ಮೆಕ್ಕೆಜೋಳದ ದಿಂಡಿನಲ್ಲಿ ಮಾಡುತ್ತಾರಂತೆ, ಹೌದಾ?

ಹೌದು. ಅಮೆರಿಕದ ಮಿಸೌರಿ ರಾಜ್ಯದಲ್ಲಿ ವಾಷಿಂಗ್ಟನ್ ಅನ್ನೋ ಊರಿದೆ. ಅಲ್ಲಿ ಹೆನ್ರಿ ಟಿಬ್ಬೆ ಅನ್ನೋ ಮರಗೆಲಸದವರು 1869ರಲ್ಲಿ ದಿಂಡಿನ ಪೈಪ್ ಮಾಡೋಕೆ ಶುರು ಮಾಡಿದರು. ಹೊರಮೈಯ ಹಳ್ಳಗಳಿಗೆ ಪ್ಲಾಸ್ಟರ್ ತುಂಬಿ ನುಣುಪು ಮಾಡುವ ವಿಧಾನಕ್ಕೆ 1878ರಲ್ಲಿ ಪೇಟೆಂಟ್ ಸಿಕ್ಕಿತು. ಆ ಕಂಪನಿ ಮಿಸೌರಿ ಮೀರ್ಶಾಮ್ ಹೆಸರಲ್ಲಿ ಇವತ್ತಿಗೂ ನಡೆಯುತ್ತಿದೆ.

ಹಾವೇರಿ, ದಾವಣಗೆರೆ ಕಡೆ ದಿಂಡಿಗೇನೂ ಬರವಿಲ್ಲ ಅಂತ ಒಬ್ಬರು ಚೀಲ ತುಂಬಾ ತಂದುಕೊಟ್ಟಿದ್ದರು. ಮಿಸೌರಿಯವರು ಇದಕ್ಕೆಂದೇ ದಪ್ಪ ದಿಂಡಿನ ತಳಿ ಬೆಳೆಸಿ, ಅದನ್ನೂ ಬಹಳ ಕಾಲ ಒಣಗಿಸುತ್ತಾರೆ. ನಮ್ಮ ದಿಂಡು ತೆಳ್ಳಗೆ, 19 ಮಿಲಿಮೀಟರ್ ಕೊರೆದರೆ ಗೋಡೆಯೇ ಉಳಿಯಲ್ಲ. ಗಾಳಿಯ ದಾರಿಯನ್ನು ತಳಕ್ಕೆ ಗುರಿ ಇಟ್ಟು ಕೊರೆಯುವ ಅಭ್ಯಾಸಕ್ಕೆ ಮಾತ್ರ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ನೂರು ತಪ್ಪಿದರೂ ನಷ್ಟ ಇಲ್ಲ.

ಒಂದು ಪೈಪಿಗೆ ಎಷ್ಟು ಹೊತ್ತು?

ಕಿಟ್ ಆದರೆ ಎರಡು ಭಾನುವಾರ. ಎಲ್ಲವನ್ನೂ ನಾನೇ ಮಾಡಿದರೆ ಇಪ್ಪತ್ತು ಗಂಟೆ ಹತ್ತಿರ, ಅದರಲ್ಲಿ ಅರ್ಧ ಪಾಲಿಶ್ ಪೇಪರಿಗೇ ಹೋಗುತ್ತೆ.

ತಾತನ ಪೈಪ್ ಮನೆಯಲ್ಲಿದೆ, ಕೊಳವೆ ಮುರಿದಿದೆ. ಸರಿ ಮಾಡಬಹುದಾ?

ಮಾಡಬಹುದು, ಹೊಸ ಪೈಪಿಗಿಂತ ಮೊದಲು ಇದನ್ನೇ ಮಾಡಿ. ಸಾಮಾನ್ಯವಾಗಿ ಮುರಿಯೋದು ಟೆನನ್. ಪೈಪ್ ಬಿಸಿ ಇರುವಾಗಲೇ ಕೊಳವೆ ಎಳೆದರೆ ಹಾಗಾಗುತ್ತೆ. ಕೊಳವೆಯ ಮುರಿದ ಮುಖವನ್ನು ಸಮ ಮಾಡಿ, ನಡುವೆ ನೇರವಾಗಿ ತೂತು ಕೊರೆದು, ಡೆಲ್ರಿನ್ ಪ್ಲಾಸ್ಟಿಕ್ಕಿನ ಹೊಸ ಟೆನನ್ ಕೂರಿಸಿ ಎಪಾಕ್ಸಿ ಹಾಕಿ. ಡೆಲ್ರಿನ್ನಿಗೆ ಅಂಟು ಸುಲಭವಾಗಿ ಹಿಡಿಯಲ್ಲ, ಅದಕ್ಕೆ ಅದರ ಮೈಮೇಲೆ ಗರಗಸದಿಂದ ನಾಲ್ಕಾರು ಗೀರು ಹಾಕಿ. ಅಂಟು ಗಾಳಿಯ ದಾರಿಗೆ ಹೋಗದ ಹಾಗೆ ಕೊಳವೆಯ ಒಳಗೆ ಎಣ್ಣೆ ಸವರಿದ ಪೈಪ್ ಕ್ಲೀನರ್ ಇಟ್ಟಿರಿ.

ಮುರಿದ ತುಂಡು ಕತ್ತಿನ ಒಳಗೇ ಸಿಕ್ಕಿಕೊಂಡಿದ್ದರೆ ಪೈಪನ್ನು ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಆಮೇಲೆ ತುಂಡಿನ ತೂತಿಗೆ ಸಣ್ಣ ಸ್ಕ್ರೂ ಒಂದೆರಡು ಸುತ್ತು ತಿರುಗಿಸಿ, ಜಾಸ್ತಿ ಬೇಡ, ತುಂಡು ಹಿಗ್ಗಿ ಕತ್ತನ್ನೇ ಸೀಳೀತು. ಸ್ಕ್ರೂ ತಲೆಯನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ. ಮಾವನ ಪೈಪಿನದು ಮೂರನೇ ಸಲಕ್ಕೆ ಬಂತು.